ಗುದ್ದಿ ಕಣ್ಣಿಗೊತ್ತಿಕೊಳ್ಳುವುದು

ನಮ್ಮ ಮನೆಯ ಹಿತ್ತಲಲ್ಲಿ ಸಂಡಿಗೆ ಒಣಗುವುದು ಚಿನ್ನದ ತಗಡಿನ ಮೇಲೆ. ಹೀಗೆಂದ ಕೂಡಲೇ, ಡಚ್ಚರ ನಾಡಿನ ಆಮರ್ಸ್‌ಫೋರ್ಟಿಗೆ ಹೋಗಿ ಇವಳಿಗೆ ಕೊಬ್ಬು ಬಂತು ಎಂದುಕೊಳ್ಳಬೇಡಿ. ತಗಡು ಒಂದು ಹಳೇ ಕಾರಿನ ನೆತ್ತಿಯದು, ಚಿನ್ನ ಡಬ್ಬದಲ್ಲಿ ಬರುವ ಬಣ್ಣದ್ದು. ಅದರ ಒಂದು ಮೂಲೆ ಒಳಕ್ಕೆ ಕುಸಿದಿದೆ. ಮೇಲೊಂದು ಒಗೆದ ಪಂಚೆ ಹಾಸಿ ಸಂಡಿಗೆ ಇಟ್ಟರೆ, ಕುಸಿದ ಮೂಲೆಯಲ್ಲಿರುವವು ಯಾವಾಗಲೂ ಕೊನೆಗೆ ಒಣಗುತ್ತವೆ. ಈ ದೇಶದ ಬಿಸಿಲೋ, ಹೇಳದೆ ಕೇಳದೆ ಬಂದು, ನಾವು ಕಾಫಿಗೆ ನೀರಿಡುವಷ್ಟರಲ್ಲಿ ಎದ್ದು ಹೋಗುವ ನೆಂಟರ ಥರ. ಅದಕ್ಕೇ ಬೆಳಿಗ್ಗೆ ಮೋಡ ಸರಿಯಿತೆಂದರೆ ನಾನು ಆಫೀಸಿನ ಮೀಟಿಂಗನ್ನೂ ಬಿಟ್ಟು ಹಿಟ್ಟು ಕಲಸಲು ಓಡುತ್ತೇನೆ.

"ಅಮ್ಮಾ, ಪ್ಲೀಸ್, ನಾಟ್ ಆನ್ ದ ರೂಫ್ ಅಗೇನ್!" ಎಂದು ಮಗಳು ಇಂಚರಾ ಮಹಡಿಯ ಕಿಟಕಿಯಿಂದ ಕೂಗುತ್ತಾಳೆ. ಅವಳ ಗೆಳತಿಯರೆಲ್ಲ ಅದನ್ನು ನೋಡಿ ಇದೇನು ಪೂಜೆಯಾ ಎಂದು ಕೇಳುತ್ತಾರಂತೆ. ಪೂಜೆ ಅಲ್ಲ ಕಣಮ್ಮ, ಅದು ನಿಮ್ಮಮ್ಮನ ಸಾಧನೆ, ಮರ್ಯಾದೆಯಿಂದ ಮಾತಾಡು ಎಂದರೆ ಕಿಟಕಿ ಮುಚ್ಚಿಕೊಳ್ಳುತ್ತದೆ.

ಹೌದು, ನಾನು ಈ ಪ್ರಾಂತ್ಯದ ಸ್ಟಾಕ್ ಕಾರ್ ಚಾಂಪಿಯನ್. ನಗಬೇಡಿ. ನಕ್ಕರೂ ಪರವಾಗಿಲ್ಲ, ನನ್ನ ತಂಗಿ ಫೋನಿನಲ್ಲಿ ನಕ್ಕಿದ್ದು ಇನ್ನೂ ನಿಂತಿಲ್ಲ. ಸ್ಟಾಕ್ ಕಾರ್ ಅಂದರೆ ಟೀವಿಯಲ್ಲಿ ಬರುವ, ಸುಂಯ್ ಎಂದು ಹೋಗುವ ಆ ನಾಜೂಕಿನ ಕಾರುಗಳಲ್ಲ. ಗುಜರಿಗೆ ಹೋಗಬೇಕಾದ ಕಾರನ್ನು ತಂದು, ಗಾಜು ತೆಗೆದು, ಬಾಗಿಲು ಬೆಸುಗೆ ಹಾಕಿ ಮುಚ್ಚಿ, ಹಿಂದೆ ಮುಂದೆ ಕಬ್ಬಿಣದ ಬಂಪರ್ ಕೂರಿಸುತ್ತಾರೆ. ಮಣ್ಣಿನ ಗುಂಡನೆಯ ಟ್ರ್ಯಾಕಿನಲ್ಲಿ ಸುತ್ತಬೇಕು. ಮುಂದಿರುವವನು ದಾರಿ ಬಿಡದಿದ್ದರೆ ಗುದ್ದಬೇಕು. ಗುದ್ದುವುದು ತಪ್ಪಲ್ಲ. ಗುದ್ದದಿದ್ದರೆ ಜನ ತಿನ್ನುತ್ತಿರುವ ಕರಿದ ಆಲೂಗಡ್ಡೆ ಪಕ್ಕಕ್ಕಿಟ್ಟು ಬೈಯುತ್ತಾರೆ. ಒಬ್ಬರು ಚಾಂಪಿಯನ್ ಆದರೆ ಅವರ ಕಾರಿನ ನೆತ್ತಿಗೆ ಚಿನ್ನದ ಬಣ್ಣ ಬಳಿದು, ಮುಂದಿನ ವರ್ಷವೆಲ್ಲ ಎಲ್ಲರಿಗಿಂತ ಹಿಂದೆ ನಿಲ್ಲಿಸುತ್ತಾರೆ. ಯಾರನ್ನು ಗುದ್ದಬೇಕೆಂದು ದೂರದಿಂದಲೇ ಗೊತ್ತಾಗಲಿ ಎಂದು. ಗೆದ್ದವರಿಗೆ ಇಲ್ಲಿ ಸಿಗುವ ಸನ್ಮಾನ ಇಷ್ಟು. ಶಾಲು, ಹಾರ, ಹಣ್ಣಿನ ಬುಟ್ಟಿ ಯಾವುದೂ ಇಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇರೆ ಯಾರಿಂದಲೋ ಕೇಳುವುದು ಬೇಡ. ನನಗೆ ರಸ್ತೆಯಲ್ಲಿ ಕಾರು ಓಡಿಸುವ ಲೈಸೆನ್ಸ್ ಇಲ್ಲ.

ಅದಕ್ಕೆ ಕಾರಣ ಹುಡುಕುತ್ತ ಹೋದರೆ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿಗೆ ಹೋಗಿ ನಿಲ್ಲಬೇಕಾಗುತ್ತದೆ. ಅಪ್ಪ ರೈಲ್ವೆಯಲ್ಲಿದ್ದರು. ಮನೆಗೆ ಒಂದು ಹಾಲು, ಒಂದು ಅಡುಗೆಮನೆ. ಬೇಸಿಗೆ ರಜಕ್ಕೆ ಚಿಕ್ಕಪ್ಪ, ಅತ್ತೆಯರ ಮಕ್ಕಳೆಲ್ಲ ಬಂದರೆ ಮಧ್ಯಾಹ್ನ ಊಟವಾದ ಮೇಲೆ ಒಂದೇ ಜಮಖಾನದ ಮೇಲೆ ಸಾಲಾಗಿ ಬಿದ್ದುಕೊಳ್ಳುವುದು. ನೀರು ಕುಡಿಯಲು ಎದ್ದವರು ಯಾರನ್ನಾದರೂ ತುಳಿಯದೆ ಅಡುಗೆಮನೆ ಮುಟ್ಟುವುದು ಸಾಧ್ಯವೇ ಇರಲಿಲ್ಲ. ಕಾಲು ತಾಗಿದರೆ ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಅದು ಅಜ್ಜಿಯ ಕಾನೂನು. ಮನುಷ್ಯರಿಗೆ ಮಾತ್ರವಲ್ಲ, ಪುಸ್ತಕ, ಅಕ್ಕಿಯ ಸೇರು, ಪೊರಕೆ, ಅಪ್ಪನ ಸೀಟಿ ಎಲ್ಲಕ್ಕೂ. ಅಜ್ಜಿ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಲೇ "ಯಾರೇ ಅದು ತುಳ್ದಿದ್ದು? ಕಣ್ಣಿಗೊತ್ಕೊ!" ಎನ್ನುತ್ತಿದ್ದರು. ನಾನು ನೀರು ಕುಡಿದು ಬರುವಷ್ಟರಲ್ಲಿ ಅರ್ಧ ವಂಶಕ್ಕೆ ನಮಸ್ಕಾರ ಮಾಡಿರುತ್ತಿದ್ದೆ. ವಾಪಸು ಬರುವಾಗ ಉಳಿದರ್ಧಕ್ಕೆ.

ಒಮ್ಮೆ ಅಪ್ಪ ಮೈಸೂರಿನ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಿ ಡ್ಯಾಶಿಂಗ್ ಕಾರಿನಲ್ಲಿ ಕೂರಿಸಿದರು. ಮಕ್ಕಳೆಲ್ಲ ಹೋ ಎಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ನಾನೊಬ್ಬಳು ಅಂಚಿನಲ್ಲೇ ಯಾರಿಗೂ ತಾಗದಂತೆ ಹುಷಾರಾಗಿ ಸುತ್ತುತ್ತಿದ್ದೆ. ಅಪ್ಪ ಕಟಕಟೆಯ ಆಚೆಯಿಂದ ಕೈಬೀಸಿ ಕೂಗಿದರು: "ಗುದ್ದೇ ವನಜಾ! ಗುದ್ದೋಕೇ ಕಣೇ ಟಿಕೆಟ್ ತಗೊಂಡಿರೋದು!" ನಾನು ಗುದ್ದಲಿಲ್ಲ. ಗಂಟೆ ಹೊಡೆಯಿತು, ಇಳಿದು ಬಂದೆ. ಟಿಕೆಟ್ ದಂಡ ಎಂದು ಅಪ್ಪ ಬಸ್ಸಿನಲ್ಲಿ ಬರುವಾಗಲೂ ಗೊಣಗುತ್ತಿದ್ದರು.

ಅದೇ ನಾನು ಈ ಊರಿಗೆ ಬಂದು ಡ್ರೈವಿಂಗ್ ಪರೀಕ್ಷೆಗೆ ಕೂತೆ. ಸೈಕಲ್ಲಿನವರಿಗೆ ದಾರಿ ಬಿಟ್ಟೆ, ನಾಯಿ ಹಿಡಿದು ಹೊರಟವರಿಗೆ ಬಿಟ್ಟೆ, ಮಕ್ಕಳಿಗೆ, ಬಾತುಕೋಳಿಗೆ ಬಿಟ್ಟೆ. ಒಂದು ಲಾರಿಗೂ ದಾರಿ ಬಿಟ್ಟು ತುಂಬಾ ಹೊತ್ತು ಕಾದೆ. ಪರೀಕ್ಷಕರು ಕೆಮ್ಮಿ, "ಮೇಡಂ, ಅದರಲ್ಲಿ ಡ್ರೈವರ್ ಇಲ್ಲ" ಎಂದರು. ಫೇಲು. ಮತ್ತೆ ಕಟ್ಟಿದೆ, ಮತ್ತೆ ಫೇಲು. ನನ್ನ ಗಂಡ ಪ್ರಸಾದ ಸಮಾಧಾನ ಹೇಳಲು ಬಂದ: "ಹೋಗ್ಲಿ ಬಿಡೇ, ಟ್ರೇನಿದೆ, ಸೈಕಲ್ಲಿದೆ." ಆ ದಿನ ಅವನಿಗೆ ಸಾರಿಗೆ ಉಪ್ಪು ಹಾಕಲಿಲ್ಲ.

ಇಷ್ಟಕ್ಕೂ ನನ್ನ ಕೆಲಸ ಯಾವುದು ಗೊತ್ತೇ? ವಾಹನ ವಿಮೆ. ವಾರವೆಲ್ಲ ಗುದ್ದಿಸಿಕೊಂಡವರ ಗೋಳು ಓದಿ, ಯಾರ ತಪ್ಪು ಎಷ್ಟು ಎಂದು ಬರೆಯುವವಳು ನಾನು.

ಪಕ್ಕದ ಮನೆಯ ಯಾಪ್ ಈ ಕಥೆಯೊಳಗೆ ಬರುವುದು ಇಲ್ಲಿ. ಲಾರಿ ರಿಪೇರಿ ಮಾಡಿ ನಿವೃತ್ತರಾದವರು, ನಮ್ಮಪ್ಪನಿಗಿಂತ ನಾಲ್ಕಾರು ವರ್ಷ ಚಿಕ್ಕವರಿರಬಹುದು. ಇಲ್ಲಿ ಎಲ್ಲರೂ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುತ್ತಾರೆ. ನನ್ನ ಬಾಯಲ್ಲಿ ಬಂದರೆ ತಾನೇ! ನಾನು ಮೇನೇರ್ ಎನ್ನುತ್ತಿದ್ದೆ, ಅಂದರೆ ಯಜಮಾನರೇ ಎಂದ ಹಾಗೆ. ಅವರು ಪ್ರತಿಸಲವೂ ಹಿಂದೆ ತಿರುಗಿ ಬೇರೆ ಯಾರು ಬಂದರು ಎಂದು ನೋಡುತ್ತಿದ್ದರು. ಮನೆಯಲ್ಲಿ ಏನು ಮಾಡಿದರೂ ಒಂದು ಡಬ್ಬ ಬೇಲಿಯ ಮೇಲಿಂದ ಅವರಿಗೆ ಹೋಗುತ್ತಿತ್ತು. ಡಬ್ಬವನ್ನು ಬರಿದಾಗಿ ವಾಪಸು ಕೊಡಬಾರದು ಎಂದು ಒಮ್ಮೆ ಹೇಳಿಕೊಟ್ಟಿದ್ದೆ. ಅಂದಿನಿಂದ ತೊಳೆದ ಡಬ್ಬದಲ್ಲಿ ಎರಡು ಸೇಬು, ಸೇಬಿಲ್ಲದಿದ್ದರೆ ಈರುಳ್ಳಿ, ಅದೂ ಇಲ್ಲದ ದಿನ ಒಂದಷ್ಟು ಮೊಳೆ ಹಾಕಿ ಕಳಿಸಿದ್ದೂ ಉಂಟು. ಆ ಯಾಪ್ ಈ ಪ್ರಾಂತ್ಯದಲ್ಲಿ ಎಷ್ಟೋ ಸಲ ಚಿನ್ನದ ನೆತ್ತಿ ಕಂಡವರು ಎಂದು ನನಗೆ ತಿಳಿದಿರಲಿಲ್ಲ.

ನಾನು ಫೇಲಾದ ಸುದ್ದಿ ಕೇಳಿ ಅವರು ಹೇಳಿದ್ದು ಇಷ್ಟೇ: "ನೀನು ಯಾರಿಗೂ ಗುದ್ದಿಲ್ಲ, ಅದೇ ನಿನ್ನ ಕಾಯಿಲೆ. ಒಂದು ಸಲ ಚೆನ್ನಾಗಿ ಗುದ್ದಿಬಿಟ್ಟರೆ ಹೆದರಿಕೆ ಹೋಗುತ್ತೆ. ಭಾನುವಾರ ಬಾ."

ಭಾನುವಾರ, ನೀರು ಬತ್ತಿಸಿ ನೆಲ ಮಾಡಿದ ಪೋಲ್ಡರ್ ಬಯಲಿನ ನಡುವೆ, ಸುತ್ತ ಈರುಳ್ಳಿ ಹೊಲಗಳಿರುವ ಒಂದು ಟ್ರ್ಯಾಕಿಗೆ ಹೋದೆವು. ಕಾರಿಗೆ ಬಾಗಿಲಿಲ್ಲ, ಕಿಟಕಿಯಿಂದ ತೂರಿಕೊಂಡು ಒಳಗೆ ಹೋಗಬೇಕು. ಯಾಪ್ ನನ್ನ ಗಾತ್ರ ನೋಡಿ ಒಂದು ಸ್ಟೂಲು ತಂದರು. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸು ನಿಲ್ಲುವ ಮೊದಲೇ ಕಿಟಕಿಯಲ್ಲಿ ಹಾರಿ ಟವೆಲು ಹಾಸಿ ಇಡೀ ಮನೆಗೆ ಸೀಟು ಹಿಡಿದವಳು ನಾನು, ನನಗೆ ಸ್ಟೂಲೇ? ಒಂದೇ ಏಟಿಗೆ ಒಳಗಿದ್ದೆ. ನನ್ನ ಕಾರ್ ರೇಸಿಂಗ್ ಬದುಕಿನಲ್ಲಿ ಯಾಪ್ ಹುಬ್ಬೇರಿಸಿ ಮೆಚ್ಚಿದ್ದು ಅದೊಂದನ್ನೇ.

ಮೊದಲು ಅವರು ಹಿಂದಿನಿಂದ ಬಂದು ನನಗೆ ಗುದ್ದಿದರು, ಮತ್ತೆ ಮತ್ತೆ, ಮಗುವಿನ ಹಾಗೆ ನಗುತ್ತ. ಹಲ್ಲು ಕಚ್ಚಿ ಸಹಿಸಿದೆ. "ಈಗ ನಿನ್ನ ಸರದಿ" ಎಂದು ಮುಂದೆ ಹೋದರು. ನಾನು ರಾಮಾ ಎಂದು ಪೆಡಲ್ ಒತ್ತಿದೆ. ದಡ್ ಎಂದು ತಾಗಿತು. ತಾಗಿದ್ದೇ ತಡ, ನನ್ನ ಬಲಗೈ ಸ್ಟೀರಿಂಗ್ ಬಿಟ್ಟು ಮುಂದೆ ಚಾಚಿ, ಗಾಳಿಯಲ್ಲೇ ಅವರ ಕಾರು ಮುಟ್ಟಿ, ಕಣ್ಣಿಗೊತ್ತಿಕೊಳ್ಳಲು ಬಂತು. ಹೆಲ್ಮೆಟ್ಟಿಗೆ ಟಣ್ ಎಂದು ಬಡಿಯಿತು. ಅಷ್ಟರಲ್ಲಿ ಕಾರು ಹುಲ್ಲಿನ ಪೆಂಡಿಯೊಳಗೆ ಮೂತಿ ತೂರಿಸಿತ್ತು.

"ಏನದು? ಹುಳ ಕಚ್ಚಿತಾ?" ಎಂದು ಯಾಪ್ ಓಡಿ ಬಂದರು.

ಅಜ್ಜಿಯಿಂದ ಶುರುಮಾಡಿ ಎಲ್ಲವನ್ನೂ ವಿವರಿಸಿದೆ. ತಲೆ ಕೆರೆದುಕೊಂಡು ಕೇಳಿದರು. "ಆದರೆ ನೀನು ಕಾಲಲ್ಲಿ ಒದ್ದಿಲ್ಲ, ಕಾರಲ್ಲಿ ಗುದ್ದಿದ್ದು."

"ಕಾರು ಓಡಿಸಿದ್ದು ಕಾಲೇ ಅಲ್ವಾ ಮೇನೇರ್, ಪೆಡಲ್ ಮೇಲಿದ್ದಿದ್ದು?"

"ಎರಡೂ ಕೈ ಸ್ಟೀರಿಂಗ್ ಮೇಲಿರಬೇಕು, ಅಷ್ಟೇ" ಎಂದರು. ಹೇಳುವುದು ಸುಲಭ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹೆಲ್ಮೆಟ್ ಹಾಕಿದರೆ ಹೋಗುತ್ತದೆಯೇ?

ಹೆದರಿಕೆ ಬಿಡಿಸಿಕೊಳ್ಳಲು ಹೋದವಳು ಲೈಸೆನ್ಸ್ ಮರೆತು ಯಾಪ್ ಜೊತೆ ರೇಸಿಗೇ ಇಳಿದುಬಿಟ್ಟೆ. ಮೊದಲ ವರ್ಷ ನಾನು ಎಲ್ಲ ರೇಸಿನಲ್ಲೂ ಕೊನೆಗೆ ಬಂದೆ. ಗುದ್ದುವುದು, ಟಣ್, ಹುಲ್ಲಿನ ಪೆಂಡಿ. ಗುದ್ದುವುದು, ಟಣ್, ಕೆಸರು. ಎದುರಾಳಿಗಳು ಮೊದಮೊದಲು ನಾನೇನೋ ಮಾಟ ಮಾಡುತ್ತಿದ್ದೇನೆ ಎಂದುಕೊಂಡರು. ಆಮೇಲೆ ಗೊತ್ತಾಗಿ ಬೇಕರಿಯ ಹುಡುಗನೊಬ್ಬ ನಾನು ಗುದ್ದಿದರೆ ತಿರುಗಿ ಆಶೀರ್ವಾದ ಮಾಡುವ ಹಾಗೆ ಕೈ ಎತ್ತತೊಡಗಿದ. ನೋಡಲು ಬಂದವರಿಗೂ ಇದು ರೂಢಿಯಾಯಿತು. ನಾನು ಯಾರಿಗೆ ಗುದ್ದಿದರೂ ಗ್ಯಾಲರಿಯಲ್ಲಿ ಕೂತ ಮಕ್ಕಳು ಮುದುಕರೆಲ್ಲ ಒಟ್ಟಿಗೆ ಬೆರಳನ್ನು ಕಣ್ಣಿಗೊತ್ತಿಕೊಳ್ಳುವರು. ಅಜ್ಜಿ ಇದ್ದಿದ್ದರೆ ಒಂದು ದೇಶವನ್ನೇ ಉದ್ಧಾರ ಮಾಡಿದೆ ಎಂದು ಹಿಗ್ಗುತ್ತಿದ್ದರು.

ಎರಡನೆಯ ವರ್ಷ ಗೆಲ್ಲಲು ಶುರುವಾದದ್ದು ಆಫೀಸಿನ ಪುಣ್ಯದಿಂದ. ಯಾವ ಮೂಲೆಗೆ ಎಷ್ಟು ತಾಗಿದರೆ ಕಾರು ಎತ್ತ ತಿರುಗುತ್ತದೆ ಎಂಬುದನ್ನು ಓದೀ ಓದೀ ನನ್ನ ತಲೆ ಹಣ್ಣಾಗಿತ್ತು. ಹಿಂಬದಿಯ ಮೂಲೆಗೆ ಮೆತ್ತಗೆ ಒಂದು ತಟ್ಟಿದರೆ ಸಾಕು, ಕೈ ಬಿಟ್ಟು ನಮಸ್ಕಾರ ಮಾಡಲೂ ಪುರುಸೊತ್ತು ಸಿಗುತ್ತದೆ ಎಂದು ಕಂಡುಕೊಂಡೆ. ಪ್ರಸಾದ ಪುಳಿಯೋಗರೆ ಕಲಸಿಕೊಂಡು ಬಂದು ಕಾರು ನಿಲ್ಲಿಸುವ ಜಾಗದಲ್ಲಿ ಎಲ್ಲರಿಗೂ ಹಂಚುವನು, ಗೆದ್ದರೂ ಸೋತರೂ. ಆಯುಧಪೂಜೆಗೆ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬಂಪರಿಗೆ ಬಾಳೆಕಂಬ ಕಟ್ಟುವುದು ಬೇಕಾಯಿತು. ಬಾಳೆಕಂಬ ಎಲ್ಲಿ ಸಿಗಬೇಕು, ದಪ್ಪ ಈರುಳ್ಳಿ ಸೊಪ್ಪಿನಂಥ ಲೀಕ್ ಗಿಡದ ಒಂದು ಕಟ್ಟು ಕಟ್ಟಿದೆವು. ತಪಾಸಣೆಗೆ ಬಂದ ಅಧಿಕಾರಿ ಎಲ್ಲವನ್ನೂ ಎಳೆದು ನೋಡಿ, "ತರಕಾರಿ ಗಟ್ಟಿಯಾಗಿ ಕೂತಿಲ್ಲ" ಎಂದು ಬಿಚ್ಚಿಸಿದ. ನಿಂಬೆಹಣ್ಣಿಗೆ ಮಾತ್ರ ಏನೂ ಅನ್ನಲಿಲ್ಲ.

ಹೀಗೆ ನಗುನಗುತ್ತಾ ಮೂರನೆಯ ವರ್ಷ ಬಂತು. ನನಗೂ ಯಾಪ್ ಅವರಿಗೂ ನಡುವೆಯೇ ಪೈಪೋಟಿ ಎಂಬಂತಾಯಿತು. ಅವರದು ಚಿನ್ನದ ನೆತ್ತಿ. ಮಂಡಿ ಸವೆದಿದೆ, ಈ ವರ್ಷವೇ ಕೊನೆ ಎಂದು ಅವರ ಹೆಂಡತಿ ರಿಯಾ ತೀರ್ಮಾನಿಸಿಬಿಟ್ಟಿದ್ದರು. ಕೊನೆಯದಕ್ಕೆ ಹಿಂದಿನ ರೇಸಿನಲ್ಲಿ, ಕೊನೆಯ ತಿರುವಿನಲ್ಲಿ, ಅವರು ಮುಂದೆ, ನಾನು ಹಿಂದೆ. ಆ ತಿರುವಿನಲ್ಲಿ ಮುಂದಿನವರಿಗೆ ಗುದ್ದಿ ಗೆಲ್ಲುವುದು ಈ ಆಟದ ದೊಡ್ಡ ಮರ್ಯಾದೆ. ಎಲ್ಲರೂ ಕಾಯುವುದೇ ಅದಕ್ಕೆ. ಅವರ ಹಿಂಬದಿಯ ಮೂಲೆ ನನ್ನ ಬಂಪರಿನ ಮುಂದೆ ತಟ್ಟೆಯಲ್ಲಿಟ್ಟ ಲಾಡುವಿನಂತೆ ಇತ್ತು. ಆದರೆ ಹಿರಿಯರು. ಗುರುಗಳು. ಕಾಲು ತಾನಾಗಿ ಪೆಡಲ್ ಬಿಟ್ಟಿತು. ಅವರು ಗೆದ್ದರು, ನಾನು ಎರಡನೆಯವಳಾದೆ.

ಖುಷಿಯಾಗುತ್ತಾರೆ ಎಂದುಕೊಂಡು ಹೋದರೆ ಮುಖ ಕೆಂಪಗಾಗಿತ್ತು. "ಬೇಕರಿಯವನಿಗೆ ಗುದ್ದಿದೆ, ಉಳಿದವರಿಗೆಲ್ಲ ಗುದ್ದಿದೆ. ನನಗೆ ಮಾತ್ರ ದಾರಿ ಬಿಟ್ಟೆ. ನಾನೇನು ನಿನ್ನ ಪರೀಕ್ಷೆಯಲ್ಲಿ ನಿಂತಿದ್ದ ಖಾಲಿ ಲಾರಿಯಾ?" ಎಂದು ಹೆಲ್ಮೆಟ್ ಎತ್ತಿಕೊಂಡು ಹೊರಟುಹೋದರು.

ಮರುದಿನ ನಾನು ಕೋಸಂಬರಿ ಮಾಡಿ ಬೇಲಿಯ ಮೇಲೆ ಡಬ್ಬ ಇಟ್ಟೆ. ಸಂಜೆಗೆ ಡಬ್ಬ ವಾಪಸು ಬಂದಿತ್ತು. ಎತ್ತಿದರೆ ಹಗುರ. ಮುಚ್ಚಳ ತೆಗೆದು ನೋಡಿದೆ. ಖಾಲಿ. ಒಂದು ಮೊಳೆಯೂ ಇಲ್ಲ.

ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಚಾಂಪಿಯನ್ ಪಟ್ಟ ಹಾಳಾಗಲಿ, ಈ ಊರಿನಲ್ಲಿ ನನಗೆ ಬೈದು ಬುದ್ಧಿ ಹೇಳುವಷ್ಟು ಸಲಿಗೆ ಇದ್ದದ್ದು ಅವರೊಬ್ಬರಿಗೇ. ಗುದ್ದಿದರೆ ಪಾಪ, ಗುದ್ದದಿದ್ದರೆ ಅವಮಾನ. ಇನ್ನುಳಿದದ್ದು ಒಂದೇ ರೇಸು, ಅದರಲ್ಲಿ ನಮ್ಮಿಬ್ಬರಲ್ಲಿ ಯಾರು ಮುಂದೋ ಅವರೇ ಚಾಂಪಿಯನ್. ಪ್ರಸಾದನನ್ನು ಕೇಳಿದರೆ "ಬೇಕಿದ್ರೆ ಜ್ವರ ಅಂತ ಹೇಳೋಣ" ಎಂದ. ಅವನನ್ನು ಕೇಳಿದ್ದು ನನ್ನ ತಪ್ಪು.

ಅರಸೀಕೆರೆಗೆ ಫೋನ್ ಮಾಡಿದೆ. "ಅಪ್ಪಾ, ಗುರುಗಳಿಗೆ ಗುದ್ದಬಹುದಾ?"

ಅಪ್ಪ ತಿರುಗಿ ಕೇಳಿದರು: "ಅವ್ರು ನಿಂಗೆ ಹೇಳ್ಕೊಟ್ಟಿದ್ದೇನು?"

"ಗುದ್ದೋದು."

"ಮತ್ತೆ? ಮಗ್ಗಿ ಹೇಳ್ಕೊಟ್ಟ ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸ್ದೆ ಬಾಯಿ ಮುಚ್ಕೊಂಡು ನಿಂತ್ರೆ ಅದ್ಯಾವ ಸೀಮೆ ಮರ್ಯಾದೆನೇ? ಪಾಪ, ಮನುಷ್ಯ ನೊಂದ್ಕೊಂಡಿದಾನೆ. ಆವತ್ತು ಮೈಸೂರಲ್ಲೂ ಹಿಂಗೇ ಮಾಡ್ದೆ. ಟಿಕೆಟ್ ದಂಡ."

ಹಿಂದಿನಿಂದ ಅಮ್ಮನ ದನಿ ಬಂತು: "ಕಾಲು ಮುಟ್ಟಿ ನಮಸ್ಕಾರ ಮಾಡ್ಬಿಟ್ಟು ಆಮೇಲೆ ಗುದ್ದು ಅನ್ರೀ. ಮೊದ್ಲೇ ಮಾಡಿದ್ರೆ ಆಯ್ತಪ್ಪ, ಕೈಯಾದ್ರೂ ಸ್ಟೀರಿಂಗ್ ಮೇಲಿರುತ್ತೆ."

ಮೂರು ವರ್ಷ ಯಾರಿಗೂ ಹೊಳೆಯದಿದ್ದದ್ದು, ಒಗ್ಗರಣೆ ಹಾಕುತ್ತಾ ಅಮ್ಮನಿಗೆ ಹೊಳೆದುಬಿಟ್ಟಿತ್ತು.

ಕೊನೆಯ ರೇಸಿನ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ಯಾಪ್ ತಮ್ಮ ಕಾರಿನ ಪಕ್ಕ ನಿಂತು ಕೈಗವಸು ಹಾಕಿಕೊಳ್ಳುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ನಾನು ಸೀದಾ ಹೋಗಿ ಕಾಲು ಮುಟ್ಟಲು ಬಗ್ಗಿದೆ. ಏನೋ ಬಿದ್ದುಹೋಗಿರಬೇಕು, ಹುಡುಕಲು ಬಂದಿದ್ದಾಳೆ ಎಂದು ಅವರೂ ಬಗ್ಗಿದರು. ಇಬ್ಬರ ತಲೆಗೂ ಢೀ! ಅವತ್ತಿನ ಮೊದಲ ಗುದ್ದು ಅದು.

"ಅಯ್ಯೋ!" ಎಂದು ಹಣೆ ಉಜ್ಜಿಕೊಳ್ಳುತ್ತಾ ಹೇಳಿದೆ, "ಮೇನೇರ್, ನಮಸ್ಕಾರ ಈಗಲೇ ಮುಗೀತು. ಕೊನೆ ತಿರುವಲ್ಲಿ ಕೈ ಎತ್ತಲ್ಲ. ಗುದ್ದುತೀನಿ."

ಅವರೂ ಹಣೆ ಉಜ್ಜಿಕೊಳ್ಳುತ್ತ ನನ್ನನ್ನೇ ನೋಡಿದರು. "ಮಾತಾಡಬೇಡ. ಮಾಡಿ ತೋರಿಸು" ಎಂದರು.

ರೇಸಿನ ವಿವರವೆಲ್ಲ ಈಗ ನೆನಪಿಲ್ಲ, ನೆನಪಿದೆ ಎಂದರೆ ಬುರುಡೆ ಬಿಟ್ಟ ಹಾಗೆ. ಕೆಸರು, ಹೊಗೆ, ಬೇಕರಿಯವನ ಬಂಪರು. ಕೊನೆಯ ಸುತ್ತಿಗೆ ಬಂದಾಗ ಮುಂದೆ ಉಳಿದಿದ್ದು ಆ ಚಿನ್ನದ ನೆತ್ತಿ ಒಂದೇ. ಎಲ್ಲರಿಗಿಂತ ಹಿಂದಿನಿಂದ ಹೊರಟ ಮನುಷ್ಯ, ಸವೆದ ಮಂಡಿ ಇಟ್ಟುಕೊಂಡು, ಎಲ್ಲರನ್ನೂ ಸರಿಸಿ ಅಲ್ಲಿ ಹೋಗುತ್ತಿದ್ದರು. ತಿರುವು ಬಂತು. ಬಲಗೈ ಆಗಲೇ ಏಳಲು ನೋಡಿತು. ಅದನ್ನು ಎಡಗೈಯ ಹೆಬ್ಬೆರಳಿನಿಂದ ಸ್ಟೀರಿಂಗಿಗೆ ಒತ್ತಿ ಹಿಡಿದೆ. ಅಜ್ಜೀ, ಕಣ್ಣು ಮುಚ್ಚಿಕೋ ಎಂದು ಪೆಡಲ್ ಅದುಮಿದೆ.

ಮೆತ್ತಗೆ ತಟ್ಟಬೇಕೆಂದಿದ್ದೆ. ಅದು ಮೆತ್ತಗಿರಲಿಲ್ಲ. ಅವರ ಕಾರು ಗರಗರ ತಿರುಗಿ, ಟೈರಿನ ರಾಶಿ ಹತ್ತಿ, ನೆತ್ತಿಯ ಮೇಲೆ ಉರುಳಿ, ಮತ್ತೆ ಚಕ್ರದ ಮೇಲೆ ಬಿತ್ತು. ನಾನು ಗೆರೆ ದಾಟಿ ಬ್ರೇಕು ಒತ್ತಿ ತಿರುಗಿ ನೋಡಿದೆ. ನನ್ನ ಕೈ ಏಳುತ್ತದೆಂದು ಗ್ಯಾಲರಿಯವರೆಲ್ಲ ಬೆರಳು ಅರ್ಧಕ್ಕೆ ಎತ್ತಿ ಹಿಡಿದು ಹಾಗೇ ನಿಂತಿದ್ದರು. ಚಿನ್ನದ ನೆತ್ತಿಯ ಒಂದು ಮೂಲೆ ಕುಸಿದಿತ್ತು. ಒಳಗೆ ಯಾರೂ ಅಲ್ಲಾಡುತ್ತಿರಲಿಲ್ಲ. ದೇವರೇ, ಎಲ್ಲ ತಗೋ, ಅವರೊಬ್ಬರನ್ನು ಎಬ್ಬಿಸು ಎಂದು ಕಿಟಕಿಯಿಂದ ಹೊರಕ್ಕೆ ತೂರಿಕೊಂಡೆ. ಓಡಲಾರದೆ ಅಲ್ಲೇ ಕಾರು ಹಿಡಿದು ನಿಂತೆ.

ಅಷ್ಟರಲ್ಲಿ ಆ ಕಿಟಕಿಯಿಂದ ಒಂದು ಬೂಟು ಬಂತು. ಆಮೇಲೆ ಇನ್ನೊಂದು. ಆಮೇಲೆ ಬೈಗುಳ. ಆಮೇಲೆ ಯಾಪ್. ಓಡಿಬಂದವರ ಕೈ ಕೊಡವಿ, ಕುಂಟುತ್ತಾ ಇಡೀ ಟ್ರ್ಯಾಕು ದಾಟಿ ನನ್ನ ಕಾರಿನ ಮುಂದೆ ಬಂದು ನಿಂತರು. ಮುಂದಿನ ಚಕ್ರಕ್ಕೆ ಜಾಡಿಸಿ ಒಂದು ಒದೆ ಕೊಟ್ಟರು.

"ತಡ ಮಾಡಿದೆ! ಇನ್ನೂ ಮುಂಚೆ ಗುದ್ದಬೇಕಿತ್ತು!"

ಪಾಠ ಒಪ್ಪಿಸಿದ ಮೇಲೂ ತಪ್ಪು ಹುಡುಕದ ಮೇಷ್ಟ್ರು ಎಲ್ಲಿದ್ದಾರೆ ಹೇಳಿ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಎರಡೂ ಇರಬೇಕು. ಅವರು ತಿರುಗಿ ಹೊರಟರು. ಒಂದು ಹೆಜ್ಜೆ ಇಟ್ಟು ನಿಂತರು. ತಮ್ಮ ಬೂಟನ್ನೊಮ್ಮೆ, ನನ್ನ ಚಕ್ರವನ್ನೊಮ್ಮೆ ನೋಡಿದರು. ಆಮೇಲೆ ಸವೆದ ಮಂಡಿಯನ್ನು ಕೈಯಿಂದ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಕೆಸರಿನ ಚಕ್ರವನ್ನು ಬೆರಳಿನಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡರು. ಗ್ಯಾಲರಿಯಲ್ಲಿ ಅರ್ಧಕ್ಕೆ ನಿಂತಿದ್ದ ಕೈಗಳೆಲ್ಲ ಆಗ ಮೇಲೆ ಹೋದವು.

ಮಾರನೆಯ ದಿನ ಪಕ್ಕದ ಮನೆಯಲ್ಲಿ ಕಬ್ಬಿಣ ಕೊಯ್ಯುವ ಸದ್ದು ಬೆಳಗಿನಿಂದ ಕೇಳುತ್ತಿತ್ತು. ಸಂಜೆ ಬಾಗಿಲು ತೆರೆದರೆ ಹಿತ್ತಲಲ್ಲಿ ಈ ಚಿನ್ನದ ತಗಡು ಮಲಗಿತ್ತು, ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದರು. ಅದರ ಮೇಲೆ, ಕುಸಿದ ಮೂಲೆಯಲ್ಲಿ ಸರಿಯಾಗಿ ಕೂರುವ ಹಾಗೆ, ರೇಸಿನ ದಿನ ಪ್ರಸಾದ ಪುಳಿಯೋಗರೆ ಹಾಕಿಕೊಟ್ಟಿದ್ದ ನನ್ನ ಡಬ್ಬ. ಮುಚ್ಚಳ ತೆಗೆಯಲು ಧೈರ್ಯವಾಗದೆ ಮೊದಲು ಕೈಯಲ್ಲಿ ಎತ್ತಿ ನೋಡಿದೆ.

ಭಾರವಾಗಿತ್ತು.